ಬ್ರೀಹಿದಾ ಬದಲಿಸಿದ ಎಣ್ಣೆ

ಕಮಾರ್ಗೊ ಊರಿನಲ್ಲಿ ಹಳೆಯ ಪಿಕಪ್ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ದೋನ್ ಕ್ರುಸ್ ಓಲಿವಾಸ್‌ನ ಮೂಗಿನ ಮುಂದೆ ನಿಲ್ಲಲೇಬೇಕಿತ್ತು. ಗಾಡಿಯನ್ನು ಅವನ ಗ್ಯಾರೇಜಿನ ಅಂಗಳಕ್ಕೆ ತಂದು, ಇಂಜಿನ್ ಬಿಸಿಯಿರುವಾಗಲೇ ಗೇರ್‌ಬಾಕ್ಸಿನ ಎಣ್ಣೆಯ ಅಳತೆಕಡ್ಡಿಯನ್ನು ಎಳೆದು ಅವನ ಕೈಗೆ ಕೊಡಬೇಕು. ಮುದುಕ ಕುರ್ಚಿಯಿಂದ ಏಳುತ್ತಿರಲಿಲ್ಲ. ಕಡ್ಡಿಯ ತುದಿಯನ್ನು ಬಿಳಿ ಕರವಸ್ತ್ರಕ್ಕೆ ಒರೆಸಿ, ಕಲೆಯನ್ನು ಬಿಸಿಲಿಗೆ ಹಿಡಿದು ನೋಡಿ, ಆಮೇಲೆ ಕಣ್ಣು ಮುಚ್ಚಿ ಮೂಸುತ್ತಿದ್ದ. ಅಷ್ಟು ಹೊತ್ತೂ ಗಿರಾಕಿ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿರುತ್ತಿದ್ದ. ಮೀಟರು ಎರಡು ಲಕ್ಷ ಮೈಲಿ ದಾಟಿದ ಗಾಡಿಯಾದರೆ ತೀರ್ಪು ಬಹುಮಟ್ಟಿಗೆ ಒಂದೇ: “ಎಣ್ಣೆ ಮುಟ್ಟಬೇಡ. ಹಳೇ ರಕ್ತ ಅದು. ಅದರಲ್ಲೇ ಬದುಕಲಿ, ಅದರಲ್ಲೇ ಸಾಯಲಿ.”

ಇದು ಅವನೊಬ್ಬನ ಸಿದ್ಧಾಂತವಲ್ಲ. ಚಿವಾವಾ ಸೀಮೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಹಾಗೇ ನಂಬಿದ್ದಾರೆ. ತಾನಾಗಿಯೇ ಗೇರ್ ಬದಲಿಸಿಕೊಳ್ಳುವ ಪೆಟ್ಟಿಗೆಯೊಳಗೆ ಕ್ಲಚ್ ಪ್ಲೇಟುಗಳು ವರ್ಷಗಟ್ಟಲೆ ಸವೆಯುತ್ತವೆ. ಆ ಪುಡಿ ಬೆರೆತು ಎಣ್ಣೆ ಕಪ್ಪಾಗುತ್ತದೆ. ಸವೆದ ಪ್ಲೇಟುಗಳನ್ನು ಜಾರದಂತೆ ಹಿಡಿದಿಟ್ಟಿರುವುದು ಆ ಪುಡಿಯೇ, ಹೊಸ ಕೆಂಪು ಎಣ್ಣೆ ಹಾಕಿದರೆ ಅದು ತೊಳೆದುಹೋಗಿ ಗಾಡಿ ನಡುದಾರಿಯಲ್ಲಿ ಕೈಕೊಡುತ್ತದೆ ಎಂಬುದು ವಾದ. ಹಾಗೆ ಕೈಕೊಟ್ಟ ಗಾಡಿಗಳ ಕಥೆ ಎಲ್ಲರ ಬಾಯಲ್ಲೂ ಒಂದೊಂದು ಇತ್ತು.

ಅವನ ಮಗಳು ಬ್ರೀಹಿದಾ ಇದನ್ನು ಅರ್ಧ ಮಾತ್ರ ಒಪ್ಪುತ್ತಿದ್ದಳು. ಅವಳಿಗೆ ಐವತ್ತೆಂಟು ವರ್ಷ. ಹದಿನೈದರಿಂದ ಗಾಡಿಗಳ ಕೆಳಗೆ ಮಲಗಿದವಳು. ಕಳೆದ ಇಪ್ಪತ್ತು ವರ್ಷಗಳಿಂದ ಗ್ಯಾರೇಜಿನ ಕೆಲಸವೆಲ್ಲ ಅವಳದೇ. ಅಪ್ಪನಿಗೆ ಉಳಿದಿದ್ದುದು ಕುರ್ಚಿ, ಕರವಸ್ತ್ರ ಮತ್ತು ಮಾತು. ಜನ ಗಾಡಿ ಕೆಟ್ಟ ಮೇಲೆ ತರುತ್ತಾರೆ, ಜಾರತೊಡಗಿದ ಗೇರಿಗೆ ಹೊಸ ಎಣ್ಣೆ ಹಾಕಿಸುತ್ತಾರೆ, ಅದು ಸತ್ತರೆ ಎಣ್ಣೆಯನ್ನು ಬೈಯುತ್ತಾರೆ ಎಂದು ಅವಳು ಹೇಳುತ್ತಿದ್ದಳು. ಕೊನೆಯುಸಿರಿಗೆ ಪಾದ್ರಿಯನ್ನು ಕರೆಸಿ, ಪಾದ್ರಿಯೇ ಕೊಂದ ಎಂದ ಹಾಗೆ. ಅವಳ ಪದ್ಧತಿ ಬೇರೆ. ಎಣ್ಣೆ ನಿಲ್ಲುವ ಅಡಿಯ ಚೇಂಬರ್ ಬಿಚ್ಚಿ ಅರ್ಧ ಎಣ್ಣೆ ಮಾತ್ರ ಇಳಿಸಬೇಕು, ಫಿಲ್ಟರ್ ಬದಲಿಸಬೇಕು, ಹದಿನೈದು ದಿನ ಓಡಿಸಿ ಮತ್ತೆ ಅರ್ಧ ಇಳಿಸಬೇಕು. ಒಂದೇ ಸಲಕ್ಕೆ ಒತ್ತಡ ಹಾಕಿ ಪೂರ್ತಿ ತೊಳೆಯುವುದನ್ನು ಅವಳು ಕೊಲೆ ಎಂದೇ ಕರೆಯುತ್ತಿದ್ದಳು.

ಗಿರಾಕಿಗಳ ಎದುರು ಅವಳು ಬಾಯಿ ತೆರೆದರೆ ಅಪ್ಪ ಕೈಯೆತ್ತಿ, “ಇವಳು ಬೋಲ್ಟು ಬಿಚ್ಚೋದರಲ್ಲಿ ಗಟ್ಟಿ. ಯೋಚನೆ ಮಾಡೋ ಕೆಲಸ ಇವಳಿಗೆ ಕೊಡಬೇಡಿ” ಎನ್ನುತ್ತಿದ್ದ. ಜನ ನಗುತ್ತಿದ್ದರು. ಅವಳು ಮದುವೆಯಾದ ಗಂಡು ಮೂರನೆಯ ವರ್ಷಕ್ಕೆ ಓಡಿಹೋದಾಗಲೂ ಅಪ್ಪ ಅಂಗಳದಲ್ಲಿ ಕುಳಿತು, ಗೇರ್ ಹಾಕಲು ಬರದವನು ರಿವರ್ಸಿನಲ್ಲೇ ಹೋದ ಎಂದು ಇಡೀ ಬೀದಿಗೆ ಹೇಳಿ ನಗಿಸಿದ್ದ. ಬ್ರೀಹಿದಾ ಮರೆಯುವ ಪೈಕಿ ಅಲ್ಲ. ಅವಳದು ಹೊರಗೆ ಕಾಣದ ಸಿಟ್ಟು, ತಣ್ಣಗಿರುತ್ತಿತ್ತು, ಕೆಡುತ್ತಿರಲಿಲ್ಲ.

ಎರಡು ವರ್ಷಗಳ ಹಿಂದೆ, ಊರಿಗೆಲ್ಲ ಕೆಮ್ಮು ಜ್ವರ ಬಂದು ಹೋದ ಮೇಲೆ, ಒಂದು ಮಧ್ಯಾಹ್ನ ಅವಳು ಅಡುಗೆಮನೆಗೆ ಬಂದಾಗ ಒಲೆಯ ಮೇಲೆ ಬೀನ್ಸ್ ಕಾಳು ತಳ ಹಿಡಿದು ಇದ್ದಿಲಾಗಿತ್ತು. ಅಪ್ಪ ಒಲೆಯ ಪಕ್ಕದಲ್ಲೇ ಕುಳಿತು ಹಾಯಾಗಿ ಪತ್ರಿಕೆಯ ದಪ್ಪಕ್ಷರಗಳನ್ನು ಓದುತ್ತಿದ್ದ. ಅವಳು ಪಾತ್ರೆ ಇಳಿಸಿದಳು. ಮರುದಿನ ಅವನ ಕಾಫಿಯಲ್ಲಿ ಎರಡು ಹನಿ ಸೀಮೆಎಣ್ಣೆ ಬೆರೆಸಿ ಅವನ ಮುಂದಿಟ್ಟಳು. ಅವನು ಲೋಟವನ್ನು ತುಟಿಗೆತ್ತಿದ. ಅವಳು ಅದನ್ನು ಕಿತ್ತುಕೊಂಡು, ನೊಣ ಬಿದ್ದಿದೆ ಎಂದು ಚೆಲ್ಲಿದಳು. ಮುದುಕನ ಮೂಗು ಸತ್ತಿದೆ ಎಂಬುದು ಅವಳಿಗೆ ಖಚಿತವಾಯಿತು. ಅದು ಅವನಿಗೂ ಗೊತ್ತಿತ್ತು. ಆದರೂ ಅಂಗಳದಲ್ಲಿ ಕಣ್ಣು ಮುಚ್ಚಿ ಮೂಸುವುದನ್ನು ಅವನು ಬಿಡಲಿಲ್ಲ. ಕಲೆಯ ಬಣ್ಣ ನೋಡಿ, ಗಿರಾಕಿಯ ಮುಖ ನೋಡಿ ತೀರ್ಪು ಕೊಡುತ್ತಿದ್ದ.

ಬ್ರೀಹಿದಾ ಈ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಕರುಣೆಯಿಂದಲ್ಲ. ಕೈಯಲ್ಲಿರುವ ಹತಾರವನ್ನು ಬೇಕಾದಾಗ ತೆಗೆಯಬೇಕು ಎಂಬ ಅಭ್ಯಾಸದಿಂದ.

ಒಮ್ಮೆ ಮೆಣಸಿನಕಾಯಿ ಸಾಗಿಸುವ ಯುಲಾಲಿಯೊ ಅರ್ಮೆಂದಾರಿಸ್ ತನ್ನ ಪಿಕಪ್ ತಂದ. ಹಸಿಮೆಣಸಿನಕಾಯಿ ತುಂಬಿಕೊಂಡು ಚಿವಾವಾ ಪಟ್ಟಣಕ್ಕೆ ಹೊರಟಿದ್ದವನು, ದಾರಿಯಲ್ಲಿ ಒಂದು ಮಾತು ಕೇಳಿಕೊಂಡು ಹೋಗೋಣ ಎಂದು ನಿಂತಿದ್ದ. ಅಂಗಳದ ಆ ತುದಿಯಲ್ಲಿದ್ದ ಬ್ರೀಹಿದಾಳಿಗೆ ಅಲ್ಲಿಂದಲೇ ಸುಟ್ಟ ಎಣ್ಣೆಯ ಕಮಟು ಬಡಿಯಿತು. ಅಪ್ಪ ಕಣ್ಣು ಮುಚ್ಚಿ ಮೂಸಿ, “ಇನ್ನೂ ಐದು ವರ್ಷ ಓಡುತ್ತೆ” ಎಂದ. ಅವಳು ಕೈಯಲ್ಲಿದ್ದ ಪಾನಾ ಇಟ್ಟು ಅವನನ್ನೇ ನೋಡಿದಳು, ಏನೂ ಹೇಳಲಿಲ್ಲ. ಏನಾಗುತ್ತದೆ ನೋಡಬೇಕೆನಿಸಿತ್ತು ಅವಳಿಗೆ. ಗಾಡಿ ಅರವತ್ತು ಕಿಲೋಮೀಟರಿನಲ್ಲಿ ನಿಂತಿತು. ಜುಲೈ ಬಿಸಿಲಿನಲ್ಲಿ ಎರಡು ದಿನ ನಿಂತ ಸರಕು ಕೊಳೆತು ನೀರಾಯಿತು. ಯುಲಾಲಿಯೊ ಆ ಗಾಡಿಯನ್ನು ಗುಜರಿಗೆ ಹಾಕಿ, ಅಂದಿನಿಂದ ಬೇರೆಯವರ ಲಾರಿಗಳಿಗೆ ಹೊರೆ ಹೇರುವ ಕೆಲಸಕ್ಕೆ ಸೇರಿದ. ದೇವರ ಇಚ್ಛೆ ಎಂದ ದೋನ್ ಕ್ರುಸ್.

ಅವನ ಸ್ವಂತ ಪಿಕಪ್ ನೀಲಿ ಬಣ್ಣದ್ದು, ಎಂಬತ್ತೊಂಬತ್ತರ ಮಾದರಿ. ಅದರ ಮೀಟರು ಮೂರು ಬಾರಿ ಸೊನ್ನೆಗೆ ಮರಳಿತ್ತು. ಬೀಗದಕೈ ಸಂತರೊಬ್ಬರ ತಾಯಿತದ ದಾರದಲ್ಲಿ ಅವನ ಕೊರಳಲ್ಲೇ ಇರುತ್ತಿತ್ತು, ಸ್ನಾನಕ್ಕೂ ತೆಗೆಯುತ್ತಿರಲಿಲ್ಲ. ಎಂಬತ್ತಮೂರರ ಮುದುಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆ ಎಂದರೆ, ಹೊಟ್ಟೆ ಸೀಳಿಸಿಕೊಳ್ಳೋಕೆ ನಾನೇನು ಮೀನಾ ಎನ್ನುತ್ತಿದ್ದ. ಸಂಚಾರ ಕಚೇರಿಯ ಮುಖ್ಯಸ್ಥ ಅವನೇ ಚರ್ಚಿನಲ್ಲಿ ಜ್ಞಾನಸ್ನಾನಕ್ಕೆ ಎತ್ತಿಹಿಡಿದಿದ್ದ ಧರ್ಮಪುತ್ರ, ಹಾಗಾಗಿ ಲೈಸೆನ್ಸು ವರ್ಷ ವರ್ಷವೂ ತಾನಾಗಿ ಮನೆಗೆ ಬರುತ್ತಿತ್ತು.

ಆ ಜುಲೈ ಕಳೆದು ಆಗಸ್ಟಿನ ಒಂದು ಬೆಳಗ್ಗೆ ಅವನು ಫುಟ್‌ಪಾತ್ ಮೇಲೆ ಗಾಡಿ ಹತ್ತಿಸಿದ. ಅಲ್ಲಿ ತಮಾಲೆ ಕಡುಬು ಮಾರುತ್ತಿದ್ದ ಪೆತ್ರಾಳ ಹಬೆಪಾತ್ರೆ ಉರುಳಿತು, ಮುಂಚಕ್ರ ಅವಳ ಎಡಗಾಲಿನ ಮೇಲೆ ಹಾಯಿತು. ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಆ ಸಂಜೆ ಬ್ರೀಹಿದಾ ಅಪ್ಪನ ಮುಂದೆ ಕೈ ಚಾಚಿದಳು.

“ಬೀಗದಕೈ ಕೊಡಪ್ಪ.”

“ಯಾಕೆ? ಅಡ್ಡ ನಿಂತಿದ್ದವಳು ಅವಳು.”

“ಫುಟ್‌ಪಾತ್ ಮೇಲೆ ನಿಂತಿದ್ಲು. ಮೂವತ್ತು ವರ್ಷದಿಂದ ಅಲ್ಲೇ ನಿಲ್ತಾಳೆ.”

“ಹಾಗಾದ್ರೆ ಮೂವತ್ತು ವರ್ಷದಿಂದ ತಪ್ಪು ಜಾಗದಲ್ಲಿ ನಿಂತಿದಾಳೆ ಅನ್ನು.”

ಅವನು ಊಟಕ್ಕೆ ಕುಳಿತ. ಮರುದಿನ ಬೆಳಗ್ಗೆ ಮತ್ತೆ ಗಾಡಿ ತೆಗೆದ. ಮುಂದಿನ ಸಲ ಚಕ್ರ ಬರೀ ಕಾಲಿಗೆ ನಿಲ್ಲದೆ ಯಾರದೋ ಮೈಮೇಲೇ ಹತ್ತುತ್ತದೆ ಎಂಬುದು ಬ್ರೀಹಿದಾಳಿಗೆ ಸ್ಪಷ್ಟವಿತ್ತು. ಗಾಡಿಯನ್ನು ನಿಲ್ಲಿಸಬೇಕು. ಆದರೆ ತಂತಿ ಕತ್ತರಿಸಿದರೆ, ಪಂಪು ಕೆಡಿಸಿದರೆ, ಮುದುಕ ಕುರುಡುಗೈಯಲ್ಲೇ ತಡವಿ ಹತ್ತು ನಿಮಿಷದಲ್ಲಿ ಕಂಡುಹಿಡಿಯುತ್ತಾನೆ. ಗೇರ್‌ಬಾಕ್ಸ್ ತಾನಾಗಿ ಸತ್ತರೆ ಮಾತ್ರ ಅವನು ಒಪ್ಪುತ್ತಾನೆ; ವಯಸ್ಸಾದದ್ದು ಸಾಯುತ್ತದೆ ಎಂಬುದು ಅವನದೇ ಮಾತು. ಅದನ್ನು ಬಿಚ್ಚಿ ಕಟ್ಟುವವರು ಎಪ್ಪತ್ತು ಕಿಲೋಮೀಟರಿನೊಳಗೆ ಅವಳನ್ನು ಬಿಟ್ಟರೆ ಇರಲಿಲ್ಲ, ಸಾಮಾನು ಸಿಗುತ್ತಿಲ್ಲ ಎಂದು ಅವಳು ಅವನು ಸಾಯುವವರೆಗೂ ಹೇಳಬಹುದಿತ್ತು.

ಶನಿವಾರ ಬೆಳಗ್ಗೆ ಅಪ್ಪ ಎರಡು ಅಂಗಡಿ ಆಚೆಯ ಕ್ಷೌರದವನಲ್ಲಿಗೆ ನಡೆದುಹೋಗುತ್ತಿದ್ದ. ಅಲ್ಲೇ ಗೆಳೆಯರ ಜೊತೆ ದೊಮಿನೊ ಆಡಿ ಎರಡು ಗಂಟೆಗೆ ಬರುವುದು ವಾಡಿಕೆ. ಗಾಡಿಯ ಬಾಗಿಲಿನ ಬೀಗ ಕೆಟ್ಟು ವರ್ಷಗಳಾಗಿದ್ದವು. ಇಂಜಿನ್ ಚಾಲೂ ಮಾಡಲು ಬ್ರೀಹಿದಾಳಿಗೆ ಬೀಗದಕೈ ಬೇಕಿರಲಿಲ್ಲ. ಅವಳು ಗೇಟು ಹಾಕಿ, ಗಾಡಿಯನ್ನು ನಾಲ್ಕು ಕಬ್ಬಿಣದ ಆಧಾರಗಳ ಮೇಲೆ ಎತ್ತಿ ನಿಲ್ಲಿಸಿ ಕೆಳಗೆ ನುಸುಳಿದಳು. ಚೇಂಬರಿನ ಬೋಲ್ಟುಗಳನ್ನು ಒಂದು ಮೂಲೆಯಿಂದ ಸಡಿಲಿಸುತ್ತ ಬಂದಾಗ ಎಣ್ಣೆ ಇಳಿಯಿತು. ಹಳೆಯ ಕಾಕಂಬಿಯಷ್ಟು ಕಪ್ಪು, ಆದರೆ ಸುಟ್ಟ ವಾಸನೆಯಿಲ್ಲ. ಚೇಂಬರಿನ ತಳದ ಅಯಸ್ಕಾಂತಕ್ಕೆ ಬೂದು ಬಣ್ಣದ ಮೆತ್ತು ತೆಳ್ಳಗೆ ಅಂಟಿತ್ತು. ಬೇರೆ ಯಾರ ಗಾಡಿಯಾಗಿದ್ದರೂ ಅವಳು ಆ ಮೆತ್ತನ್ನು ಎರಡು ಬೆರಳಿನ ನಡುವೆ ಉಜ್ಜಿ, ಒಳಗಿನ ಪ್ಲೇಟುಗಳ ಆಯುಸ್ಸು ಹೇಳುತ್ತಿದ್ದಳು. ಅಂದು ಬಟ್ಟೆಯಲ್ಲಿ ಒರೆಸಿ ಎಸೆದು, ಚೇಂಬರನ್ನು ಮತ್ತೆ ಕೂರಿಸಿದಳು.

ಆಮೇಲೆ ತಾನು ಕೊಲೆ ಎಂದು ಕರೆಯುತ್ತಿದ್ದುದನ್ನು ಮಾಡಿದಳು. ಎಣ್ಣೆ ತಣಿಯಲು ರೇಡಿಯೇಟರಿಗೆ ಹೋಗುವ ನಳಿಕೆಯನ್ನು ಬಿಚ್ಚಿ ಬಕೆಟ್ಟಿಗೆ ಇಳಿಬಿಟ್ಟು, ತೊಳೆಯುವ ದ್ರಾವಣ ಸುರಿದು ಇಂಜಿನ್ ಓಡಿಸಿದಳು. ಆ ಕಡೆಯಿಂದ ಕಪ್ಪು ಹೊರಬರುತ್ತಿದ್ದರೆ ಈ ಕಡೆಯಿಂದ ಹೊಸದನ್ನು ಹುಯ್ಯುತ್ತಿದ್ದಳು. ಗೇರ್‌ಗಳನ್ನು ಒಂದೊಂದಾಗಿ ಹಾಕಿ ತೆಗೆದಳು, ಯಾವ ಸಂದಿಯಲ್ಲೂ ಹಳೆಯದು ಉಳಿಯಬಾರದೆಂದು. ಬಕೆಟ್ಟಿಗೆ ಶುದ್ಧ ಕೆಂಪು ಬೀಳತೊಡಗಿದ ಮೇಲೆ ನಳಿಕೆ ಸೇರಿಸಿ, ಡೀಸೆಲ್ ಇಂಜಿನ್ನಿನಿಂದ ತೆಗೆದ ಕಪ್ಪು ಎಣ್ಣೆಯನ್ನು ನಾಲ್ಕು ಚಮಚ ಬೆರೆಸಿದಳು. ಕರವಸ್ತ್ರಕ್ಕೆ ಒರೆಸಿ ನೋಡಿದಾಗ ಕಲೆ ಕಂದಾಗಿತ್ತು. ಮೂಗಿಗೆ ಅದು ಹೊಸ ಎಣ್ಣೆಯೇ. ಅಪ್ಪನ ಮೂಗಿಗಲ್ಲ.

ಭಾನುವಾರ ಮುದುಕ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಕರಿದ ಮೀನು ತಿನ್ನಲು ಬೊಕಿಯಾ ಅಣೆಕಟ್ಟೆಗೆ ಹೊರಟ. ಏರುದಾರಿಯ ಮೊದಲನೆಯ ತಿರುವಿನಲ್ಲೇ ಎರಡನೆಯ ಗೇರ್ ಜಾರುತ್ತದೆ ಎಂದು ಬ್ರೀಹಿದಾ ಲೆಕ್ಕ ಹಾಕಿದ್ದಳು. ಗಾಡಿ ಎಳೆದು ತರಲು ಸರಪಳಿ ತೆಗೆದಿಟ್ಟು, ಫೋನಿನ ಪಕ್ಕ ಕುಳಿತು ಮೆಕ್ಕೆಜೋಳದ ರೊಟ್ಟಿ ತಿಂದಳು. ಹನ್ನೆರಡಾಯಿತು, ಎರಡಾಯಿತು. ನಾಲ್ಕಕ್ಕೆ ಗಾಡಿ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಿತು. ಗೇರ್ ಬದಲಾದದ್ದು ಬೆಣ್ಣೆಯಲ್ಲಿ ಚಾಕು ಇಳಿದಂತೆ ಕೇಳಿಸಿತು. ಪ್ಲೇಟುಗಳು ಗಟ್ಟಿಯಾಗಿದ್ದವು. ಅಯಸ್ಕಾಂತದ ಮೆತ್ತು ಅದನ್ನೇ ಹೇಳಿತ್ತು, ಅವಳು ಓದಿರಲಿಲ್ಲ. ಗಟ್ಟಿ ಪೆಟ್ಟಿಗೆಗೆ ಹೊಸ ಎಣ್ಣೆ ಕೇಡು ಮಾಡುವುದಿಲ್ಲ ಎಂದು ಇಪ್ಪತ್ತು ವರ್ಷ ವಾದಿಸಿದವಳ ಮಾತು, ಅದು ಸುಳ್ಳಾಗಲಿ ಎಂದು ಅವಳು ಬಯಸಿದ ಒಂದೇ ದಿನ ನಿಜವಾಯಿತು.

ಸೋಮವಾರ ಅಂಗಳದಲ್ಲಿ ಮೂವರಿದ್ದರು. ಚೀಸ್ ಸಾಗಿಸುವ ಎರ್ಮಿನಿಯೊ ಬಾಕಾ ತನ್ನ ಗಾಡಿಯ ಎಣ್ಣೆ ಬದಲಿಸಬೇಕೇ ಎಂದು ಕೇಳಲು ಬಂದಿದ್ದ. ಅವನ ಗಾಡಿಗೆ ಹೊರೆ ಹೇರಲು ಬಂದ ಯುಲಾಲಿಯೊ ಜೊತೆಗಿದ್ದ. ಮೂರನೆಯವನು ಕ್ಷೌರದವನು, ಕೆಲಸವಿಲ್ಲದ ಹೊತ್ತಿನಲ್ಲಿ ಬಂದು ನಿಂತಿದ್ದ. ದೋನ್ ಕ್ರುಸ್ ಬಹಳ ಹುರುಪಿನಲ್ಲಿದ್ದ. ಮೂವತ್ತು ವರ್ಷದಿಂದ ತನ್ನ ಗಾಡಿಯ ಎಣ್ಣೆ ಮುಟ್ಟಿಲ್ಲ, ನಿನ್ನೆ ಅದು ಹದಿನೆಂಟರ ಹುಡುಗಿಯ ಹಾಗೆ ಬೆಟ್ಟ ಹತ್ತಿತು ಎಂದು ವರ್ಣಿಸಿದ. ಬರುವ ಭಾನುವಾರ ಚರ್ಚಿನ ಮುದುಕಿಯರ ಸಂಘದ ಏಳೂ ಜನರನ್ನು ಹಿಂದಿನ ತೊಟ್ಟಿಯಲ್ಲಿ ಕೂರಿಸಿಕೊಂಡು ಬೊಕಿಯಾಕ್ಕೆ ಕರೆದೊಯ್ಯುವುದಾಗಿ ಪಾದ್ರಿಗೆ ಮಾತು ಕೊಟ್ಟಿದ್ದ.

ಬ್ರೀಹಿದಾ ಗಾಡಿಯೊಂದರ ಕೆಳಗಿನಿಂದ ಹೊರಬಂದು ಕೈ ಒರೆಸಿಕೊಂಡಳು. ಅಂದು ಬೆಳಗ್ಗೆ ಬಿಚ್ಚಿದ ಬೇರೊಂದು ಗಾಡಿಯ ಎಣ್ಣೆ ಮೂಲೆಯಲ್ಲಿತ್ತು. ಗೇರ್‌ಬಾಕ್ಸ್ ಪೂರ್ತಿ ಬೆಂದುಹೋಗಿದ್ದ ಗಾಡಿ ಅದು. ಒಂದು ಲೋಟದಲ್ಲಿ ಅದನ್ನು ತುಂಬಿಕೊಂಡು ಅಪ್ಪನ ಮುಂದೆ ಬಂದಳು. ಸುಟ್ಟ ರಬ್ಬರಿನ, ಸುಟ್ಟ ಕೂದಲಿನ ಗಬ್ಬು ಅವಳ ಜೊತೆಗೇ ಬಂತು. ಎರ್ಮಿನಿಯೊ ಟೋಪಿಯಿಂದ ಮುಖ ಮುಚ್ಚಿಕೊಂಡ. ಕ್ಷೌರದವನು ಎರಡು ಹೆಜ್ಜೆ ಹಿಂದೆ ಸರಿದ.

“ಇದು ನಿನ್ನ ಗಾಡಿದು. ಈಗಷ್ಟೇ ತೆಗೆದೆ. ಎರ್ಮಿನಿಯೊಗೆ ಮೂಸಿ ಹೇಳಪ್ಪ, ಹೇಗಿದೆ ಅಂತ.”

ಮುದುಕ ಲೋಟವನ್ನು ಮೂಗಿನ ಕೆಳಗೆ ಹಿಡಿದು ಕಣ್ಣು ಮುಚ್ಚಿದ. ಎದೆ ತುಂಬ ಎಳೆದುಕೊಂಡ. “ನೋಡಿ, ಇದು ಎಣ್ಣೆ ಅಂದ್ರೆ. ಮೂವತ್ತು ವರ್ಷದ್ದು. ಸುಟ್ಟ ವಾಸನೆ ಎಲ್ಲಾದರೂ ಇದೆಯಾ?”

ಅವನು ಕಣ್ಣು ತೆರೆದಾಗ ಎದುರಿನ ಮೂರು ಮುಖಗಳು ಮಸುಕಾಗಿ ಕಂಡವು. ಮೂವರೂ ಮೂಗು ಮುಚ್ಚಿಕೊಂಡಿದ್ದಾರೆ ಎಂಬುದು ಅರ್ಥವಾಗಲು ಅವನಿಗೆ ತುಸು ಹೊತ್ತು ಬೇಕಾಯಿತು. ಲೋಟ ಹಿಡಿದ ಕೈ ಕೆಳಗಿಳಿಯಿತು.

“ಎರಡು ವರ್ಷದಿಂದ ಏನೂ ವಾಸನೆ ಬರಲ್ಲ ಇವನಿಗೆ,” ಎಂದಳು ಬ್ರೀಹಿದಾ, ಗಾಡಿಯ ದೋಷ ಹೇಳುವ ಧ್ವನಿಯಲ್ಲಿ. “ಕಣ್ಣೂ ಕಾಣಲ್ಲ. ಅವನ ಗಾಡಿ ಎಣ್ಣೆ ಶನಿವಾರ ನಾನು ಬದಲಾಯಿಸಿದೆ. ಅದೂ ಗೊತ್ತಾಗ್ಲಿಲ್ಲ. ಮುದುಕಿಯರನ್ನ ಇವನ ಜೊತೆ ಕಳಿಸೋರು ಕಳಿಸ್ಕೊಳ್ಳಿ.”

ಯುಲಾಲಿಯೊ ನಿಧಾನವಾಗಿ ಮುಂದೆ ಬಂದ. “ಹಾಗಾದ್ರೆ ನನ್ನ ಗಾಡಿನ ಯಾವುದ್ರಲ್ಲಿ ಮೂಸಿದ್ರಿ, ದೋನ್ ಕ್ರುಸ್?”

ಮುದುಕನ ತಲೆ ಬೇರೆ ಕಡೆ ಓಡುತ್ತಿತ್ತು. ಮೂಗು ಹೋದರೂ ತಲೆ ಹೋಗಿರಲಿಲ್ಲ. ಮಗಳ ಕಡೆ ತಿರುಗಿದ.

“ಬದಲಾಯಿಸಿದ್ರೆ ಕೆಂಪಗಿರಬೇಕಿತ್ತು. ಕಡ್ಡಿ ಕಂದಾಗಿತ್ತು.”

“ಕಪ್ಪು ಬೆರೆಸಿದೆ.”

“ಅರ್ಧ ತೆಗೆದ್ಯೋ, ಪೂರ್ತಿನೋ?”

“ಪೂರ್ತಿ.”

“ದ್ರಾವಣ ಹಾಕಿ ತೊಳೆದ್ಯಾ?”

ಬ್ರೀಹಿದಾ ಸುಳ್ಳು ಹೇಳಬಹುದಿತ್ತು. ಆದರೆ ಈ ಕೆಲಸದ ವಿಷಯದಲ್ಲಿ ಅಪ್ಪನಿಗೆ ಅವಳು ಎಂದೂ ಸುಳ್ಳು ಹೇಳಿರಲಿಲ್ಲ, ನಾಲಿಗೆ ತಿರುಗಲಿಲ್ಲ. “ತೊಳೆದೆ,” ಎಂದಳು.

ದೋನ್ ಕ್ರುಸ್ ಕುರ್ಚಿಯ ಕೈಗಳನ್ನು ಊರಿ ಎದ್ದು ನಿಂತ. ಗಿರಾಕಿಗಳ ಮುಂದೆ ಅವನು ಎದ್ದು ನಿಂತದ್ದನ್ನು ಆ ಅಂಗಳ ಹತ್ತು ವರ್ಷದಿಂದ ಕಂಡಿರಲಿಲ್ಲ.

“ಕೇಳಿದ್ರಾ? ಮೂರು ಲಕ್ಷ ಮೈಲಿ ಮೀರಿದ ಗಾಡಿನ ಒಂದೇ ಸಲಕ್ಕೆ ತೊಳೆದು, ಗೊತ್ತಾಗ್ಬಾರ್ದು ಅಂತ ಬಣ್ಣ ಹಾಕಿದಾಳೆ. ಯಾಕೆ ಅಂತ ನಾನು ಹೇಳ್ಬೇಕಾ? ಸಾಯ್ಲಿ ಅಂತ. ಎರ್ಮಿನಿಯೊ, ನಿನ್ನ ಗಾಡಿ ಇವಳ ಕೈಗೆ ಕೊಟ್ಟು ಮನೆಗೆ ಹೋಗಿ ನಿದ್ದೆ ಮಾಡು.” ಅವನು ಉಸಿರು ತೆಗೆದುಕೊಂಡು ಯುಲಾಲಿಯೊನ ಕಡೆ ತಿರುಗಿದ. “ನಿನ್ನ ಗಾಡಿ ಬಂದ ದಿನ ನನಗೆ ಮೂಗಿರಲಿಲ್ಲ, ಒಪ್ಕೊಂಡೆ. ಇವಳಿಗಿತ್ತಲ್ಲ. ಅಲ್ಲಿ, ಆ ಕಂಬದ ಹತ್ರ ನಿಂತಿದ್ಲು. ಕೇಳು ಅವಳನ್ನ.”

ಯುಲಾಲಿಯೊ ಅವಳ ಮುಖ ನೋಡಿದ.

“ವಾಸನೆ ಬಂದಿತ್ತು,” ಎಂದಳು ಬ್ರೀಹಿದಾ.

“ಆಮೇಲೆ?” ಎಂದ ಯುಲಾಲಿಯೊ.

“ಹೇಳಲಿಲ್ಲ.”

ಕ್ಷೌರದವನು ನೆಲ ನೋಡುತ್ತ ನಿಂತ. ದೋನ್ ಕ್ರುಸ್ ಕೊರಳಿನ ದಾರವನ್ನು ತಲೆಯ ಮೇಲಿಂದ ತೆಗೆದ. ವರ್ಷಗಟ್ಟಲೆಯ ಗಂಟು ಬಿಚ್ಚಲಾಗಲಿಲ್ಲ. ತಾಯಿತದ ಸಮೇತ ಬೀಗದಕೈಯನ್ನು ಯುಲಾಲಿಯೊನ ಅಂಗೈಗೆ ಹಾಕಿದ.

“ಗಾಡಿ ನಿಂದು. ಪತ್ರ ನಾಳೆ ಬರ್ಕೊಡ್ತೀನಿ. ಒಂದೇ ಷರತ್ತು. ಇವಳ ಕೈ ಅದಕ್ಕೆ ತಾಗಬಾರ್ದು.”

ಯುಲಾಲಿಯೊ ಗಾಡಿ ಹತ್ತಿ ಕೂತು, ಸೀಟನ್ನು ತನ್ನ ಕಾಲಿಗೆ ತಕ್ಕಂತೆ ಹಿಂದಕ್ಕೆ ಸರಿಸಿ, ಗೇಟಿನಿಂದ ಹೊರಟುಹೋದ. ಎರ್ಮಿನಿಯೊ ತನ್ನ ಅಳತೆಕಡ್ಡಿಯನ್ನು ತಾನೇ ಒರೆಸಿ ಒಳಗೆ ಹಾಕಿಕೊಂಡು ಅವನ ಹಿಂದೆಯೇ ಹೋದ. ಬ್ರೀಹಿದಾಳಿಗೆ ಬೇಕಾದದ್ದು ಸಿಕ್ಕಿತು: ಅಪ್ಪ ಮತ್ತೆ ಎಂದೂ ಗಾಡಿ ಓಡಿಸಲಿಲ್ಲ.

ಸಂಜೆಯ ಹೊತ್ತಿಗೆ ಕ್ಷೌರದವನ ಬಾಯಿಂದ ಎರಡೂ ಸುದ್ದಿ ಊರಿಡೀ ಹರಡಿದವು. ಮಕ್ಕಳು ಗೇಟಿನ ಹತ್ತಿರ ಬಂದು ದೋನ್ ಕ್ರುಸ್‌ಗೆ ಚಪ್ಪಲಿ ತೋರಿಸಿ, ಇದು ಯಾವ ಹೂವು ತಾತಾ ಎಂದು ಕೇಳಿ ಓಡುತ್ತಿದ್ದರು. ಬ್ರೀಹಿದಾಳಿಗೆ ಅವರು ಇಟ್ಟ ಹೆಸರು ವಿಷದ ಸಿರಿಂಜು. ಎರಡು ತಿಂಗಳು ಅಂಗಳಕ್ಕೆ ಒಂದು ಗಾಡಿಯೂ ಬರಲಿಲ್ಲ. ಆಮೇಲೆ ಬರತೊಡಗಿದವು; ಹತ್ತಿರದಲ್ಲಿ ಬೇರೆ ಯಾರೂ ಇರಲಿಲ್ಲವಲ್ಲ. ಆದರೆ ಈಗ ಗಿರಾಕಿಗಳು ಗಾಡಿ ಬಿಟ್ಟು ಹೋಗುವುದಿಲ್ಲ. ಅವಳು ಕೆಳಗೆ ಮಲಗಿದರೆ ಅವರೂ ಮಂಡಿಯೂರಿ ಬಗ್ಗಿ ಅವಳ ಕೈಗಳನ್ನೇ ನೋಡುತ್ತಿರುತ್ತಾರೆ. ಹೊಸ ಎಣ್ಣೆಯ ಡಬ್ಬಿಯ ಮುಚ್ಚಳವನ್ನು ಅವರೇ ತೆಗೆಯುತ್ತಾರೆ. ಎಣ್ಣೆ ಇಳಿದ ಮೇಲೆ ಅವಳು ಅಯಸ್ಕಾಂತದ ಮೆತ್ತನ್ನು ಬೆರಳಿನ ನಡುವೆ ಉಜ್ಜಿ ಅವರಿಗೆ ತೋರಿಸುತ್ತಾಳೆ. ಅವರು ತಲೆಯಾಡಿಸುತ್ತಾರೆ, ನಂಬುವುದಿಲ್ಲ.

ಅಪ್ಪ ಮಗಳು ಅದೇ ಮನೆಯಲ್ಲಿದ್ದಾರೆ. ಉಪ್ಪು ಕಡಿಮೆ, ಉಪ್ಪು ಹೆಚ್ಚು ಎಂಬುದನ್ನು ಬಿಟ್ಟರೆ ಮಾತಿಲ್ಲ. ಪ್ರತಿ ಗುರುವಾರ ಬೆಳಗ್ಗೆ ಯುಲಾಲಿಯೊ ನೀಲಿ ಪಿಕಪ್ಪಿನಲ್ಲಿ ಮೆಣಸಿನಕಾಯಿ ಹೇರಿಕೊಂಡು ಆ ಬೀದಿಯಲ್ಲೇ ಹೋಗುತ್ತಾನೆ. ತಿರುವಿನ ಏರಿನಲ್ಲಿ ಗಾಡಿ ಎರಡನೆಯ ಗೇರಿನಿಂದ ಮೂರನೆಯದಕ್ಕೆ ಬದಲಾಗಬೇಕು. ಕುರ್ಚಿಯಲ್ಲಿ ಮುದುಕ ತಲೆ ಓರೆ ಮಾಡುತ್ತಾನೆ. ಗಾಡಿಯ ಕೆಳಗೆ ಬ್ರೀಹಿದಾಳ ಪಾನಾ ನಿಲ್ಲುತ್ತದೆ. ಅದು ಜಾರಲಿ ಎಂದು ಒಬ್ಬರು ಕಾಯುತ್ತಾರೆ, ಜಾರದಿರಲಿ ಎಂದು ಇನ್ನೊಬ್ಬರು. ಯಾರು ಯಾವುದಕ್ಕೆ ಎಂಬುದು ವಾರದಿಂದ ವಾರಕ್ಕೆ ಬದಲಾಗುತ್ತದೆ. ಗಾಡಿ ಸದ್ದಿಲ್ಲದೆ ಮೂರಕ್ಕೆ ಬಿದ್ದು, ತಿರುವು ದಾಟಿ ಹೋಗುತ್ತದೆ.